ಗುಂಡಿ ಅದೇ, ಸಸಿ ಹೊಸದು

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಒಂದು ಗುಂಡಿಯಿಂದ ಮಾತು ಆರಂಭಿಸುತ್ತೇನೆ. ಆ ಶಾಲೆಯ ಹೆಸರು ಹೇಳುವುದಿಲ್ಲ. ಹೇಳದಿದ್ದರೂ ನಿಮ್ಮಲ್ಲಿ ಹಲವರಿಗೆ ಅದು ತಮ್ಮದೇ ಶಾಲೆ ಎನಿಸೀತು. ಗೇಟಿನ ಬಲಗಡೆ, ಧ್ವಜಸ್ತಂಭಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಆ ಗುಂಡಿ. ಪ್ರತಿ ವರ್ಷ ಜೂನ್ 5ರಂದು ಅಲ್ಲೊಂದು ಸಸಿ ನೆಡುತ್ತಾರೆ. ಫೋಟೊ ತೆಗೆಯಲು ಬೆಳಕು ಚೆನ್ನಾಗಿ ಬೀಳುವ ಜಾಗ ಅದು. ಅಗೆದು ಅಗೆದು ಅಲ್ಲಿನ ಮಣ್ಣು ಗುದ್ದಲಿಯೇ ಬೇಡವೆನ್ನುವಷ್ಟು ಮೆತ್ತಗಾಗಿದೆ. ಒಮ್ಮೆ ಅತಿಥಿಯಾಗಿ ಹೋದವನು, ಬಿಂದಿಗೆ ಹಿಡಿದು ನಿಂತಿದ್ದ ಏಳನೇ ತರಗತಿಯ ಹುಡುಗನನ್ನು ‘ಇದು ಯಾವ ಗಿಡ ಮರಿ?’ ಎಂದು ಕೇಳಿದೆ. ಅವನು ಸಂಕೋಚವಿಲ್ಲದೆ ಹೇಳಿದ: ‘ಹೋದ ವರ್ಷದ್ದು ಹೊಂಗೆ ಸಾ. ಈ ವರ್ಷದ್ದು ಇನ್ನೂ ಹೇಳಿಕೊಟ್ಟಿಲ್ಲ.’

ನಾವೆಲ್ಲ ನಕ್ಕೆವು. ಆದರೆ ಆ ಹುಡುಗನ ಮಾತಿನಲ್ಲಿ ಒಂದು ದೊಡ್ಡ ಚರಿತ್ರೆಯೇ ಅಡಗಿದೆ. 1950ರಲ್ಲಿ ಕೇಂದ್ರದ ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನೆನಪಿಗಾಗಿ ಜೂನ್ 5 ವಿಶ್ವ ಪರಿಸರ ದಿನವಾಯಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಪರಿಸರ ಶಿಕ್ಷಣ ಇರಲೇಬೇಕು ಎಂದಿತು. 2001-02ರಲ್ಲಿ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್‌ಗಳು ಹುಟ್ಟಿದವು. ಆಮೇಲೆ ‘ಮಗುವಿಗೊಂದು ಮರ, ಶಾಲೆಗೊಂದು ವನ’ ಬಂತು, 2023ರಲ್ಲಿ ‘ಸಸ್ಯ ಶ್ಯಾಮಲ’ ಬಂತು. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಈ ಮುಕ್ಕಾಲು ಶತಮಾನದುದ್ದಕ್ಕೂ ನಾವು ಮಕ್ಕಳಿಂದ ಕೇಳಿದ್ದು ಅವರ ಕೈಗಳನ್ನು ಮಾತ್ರ. ಗುಂಡಿ ತೋಡಲು ಎರಡು ಕೈ, ನೀರು ಹೊರಲು ಎರಡು ಕೈ, ಭಾಷಣ ಮುಗಿದಾಗ ತಟ್ಟಲು ಎರಡು ಕೈ. ಶಾಲಾ ಸಂಸತ್ತಿನಲ್ಲಿ ಪರಿಸರ ಮಂತ್ರಿ ಇರುತ್ತಾನೆ. ಅವನ ಖಾತೆ ಏನೆಂದರೆ ಕುಂಡಗಳಿಗೆ ನೀರು ಹಾಕುವುದು!

ರೈತರ ವಿಷಯದಲ್ಲಿ ಸರ್ಕಾರ ಇದಕ್ಕಿಂತ ಜಾಣತನ ತೋರಿದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ಹಣ ಸಿಗುವುದು ನೆಟ್ಟ ಸಸಿಗಲ್ಲ, ಉಳಿದ ಸಸಿಗೆ. ಅದೂ ಮೂರು ವರ್ಷ, ವರ್ಷವರ್ಷವೂ ಎಣಿಸಿ. ಶಾಲೆಗಳ ವರದಿಯಲ್ಲಿ ಮಾತ್ರ ಇಂದಿಗೂ ‘ನೆಟ್ಟ ಸಸಿಗಳ ಸಂಖ್ಯೆ’ ಎಂಬ ಕಲಮು ದೊಡ್ಡದಾಗಿರುತ್ತದೆ. ಉಳಿದವುಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ, ಅವರು ಬರೆದ ಸಂಖ್ಯೆಯನ್ನು ತಿದ್ದದೆ ನೋಟಿಸ್ ಬೋರ್ಡಿಗೆ ಹಾಕಿದರೆ ಏನಾದೀತು? ಮೊದಲ ವರ್ಷ ನಮಗೆ ಮುಜುಗರವಾದೀತು. ಆ ಮುಜುಗರವನ್ನು ತಡೆದುಕೊಳ್ಳುವ ಮುಖ್ಯೋಪಾಧ್ಯಾಯರಿದ್ದರೆ ವಿದ್ಯಾರ್ಥಿಗಳ ನೇತೃತ್ವ ಎಂಬುದು ಅಲ್ಲಿಂದ ಶುರುವಾಗುತ್ತದೆ.

‘ವಿದ್ಯಾರ್ಥಿಗಳ ನೇತೃತ್ವದ ಹವಾಗುಣ ಹೋರಾಟ’ ಎಂದೊಡನೆ ಈಗ ಎಲ್ಲರಿಗೂ ನೆನಪಾಗುವುದು ಸ್ವೀಡನ್ನಿನ ಗ್ರೇತಾ ಥುನ್‌ಬರ್ಗ್. 2018ರ ಆಗಸ್ಟ್‌ನಲ್ಲಿ ಹದಿನೈದು ವರ್ಷದ ಆ ಹುಡುಗಿ ಶಾಲೆ ಬಿಟ್ಟು ಪಾರ್ಲಿಮೆಂಟಿನ ಮುಂದೆ ಫಲಕ ಹಿಡಿದು ಕುಳಿತಳು. ಮರುವರ್ಷ ಜಗತ್ತಿನ ಲಕ್ಷಾಂತರ ಮಕ್ಕಳು ಶುಕ್ರವಾರ ತರಗತಿ ಬಿಟ್ಟು ಹೊರಬಂದರು. ಅವಳ ದಿಟ್ಟತನಕ್ಕೆ ನನ್ನ ನಮಸ್ಕಾರ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಲೆ ಬಿಡುವುದು ಪ್ರತಿಭಟನೆಯಾಗುವುದಿಲ್ಲ. ನಮ್ಮಲ್ಲಿ ಹೊಗೆಸೊಪ್ಪು ಮುರಿಯುವ ದಿನಗಳಲ್ಲಿ ಹಾಜರಿ ಪುಸ್ತಕ ತೆರೆದರೆ ಬೆಂಚುಗಳೇ ಖಾಲಿ. ಕಾಡಂಚಿನ ಹಾಡಿಯ ಮಗು ಆನೆಯ ಭಯ ದಾಟಿ ಶಾಲೆಗೆ ಬಂದರೆ ಅದೇ ಒಂದು ಗೆಲುವು. ಸ್ಟಾಕ್‌ಹೋಮಿನ ಮಗು ಶಾಲೆಯಿಂದ ಹೊರಗೆ ಬಂದು ಹೇಳಿದ್ದನ್ನು ನಮ್ಮ ಮಗು ಶಾಲೆಯ ಒಳಗೆ ಕುಳಿತೇ ಹೇಳುವಂತಾಗಬೇಕು. ಹಾಗಾದರೆ ಒಳಗೆ ಅದಕ್ಕೆ ಏನು ಸಿಗಬೇಕು ಎಂಬುದು ಪ್ರಶ್ನೆ.

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಹವಾಮಾನ ಬೇರೆ, ಹವಾಗುಣ ಬೇರೆ. ಇಂದು ಬೆಳಿಗ್ಗೆ ಮೋಡ, ಸಂಜೆ ಮಳೆ: ಇದು ಹವಾಮಾನ. ಮೂವತ್ತು ವರ್ಷಗಳ ಮಳೆ, ಬಿಸಿಲು, ಗಾಳಿಗಳನ್ನು ಒಟ್ಟಿಗೆ ನೋಡಿದಾಗ ಕಾಣುವ ಊರಿನ ಸ್ವಭಾವ ಹವಾಗುಣ. ಮೂವತ್ತು ವರ್ಷ ಎಂಬುದು ನಾನು ಹೇಳುವ ಲೆಕ್ಕವಲ್ಲ, ಜಗತ್ತಿನ ಹವಾಮಾನ ತಜ್ಞರು ಒಪ್ಪಿಕೊಂಡಿರುವ ಅವಧಿ. ಹದಿಮೂರು ವರ್ಷದ ಮಗುವಿಗೆ ಹವಾಗುಣ ಕಣ್ಣಿಗೆ ಕಾಣಿಸುವುದು ಸಾಧ್ಯವೇ ಇಲ್ಲ. ಯಾರಾದರೂ ಬರೆದಿಟ್ಟಿದ್ದರೆ ಓದಬಹುದು, ಅಷ್ಟೆ.

ಹಳ್ಳಿಯಲ್ಲಿ ಮೂವತ್ತು ವರ್ಷ ಬಿಡದೆ ಬರೆದಿಡುವವರು ಯಾರು? ಪಂಚಾಯಿತಿ ಐದು ವರ್ಷಕ್ಕೊಮ್ಮೆ ಬದಲಾಗುತ್ತದೆ. ಯುವಕ ಸಂಘಗಳು ಗಣಪತಿ ಹಬ್ಬದಿಂದ ಗಣಪತಿ ಹಬ್ಬಕ್ಕೆ ಬದುಕುತ್ತವೆ. ಶಾಲೆಯೊಂದೇ ಅಜ್ಜನ ದಾಖಲಾತಿಯನ್ನೂ ಮೊಮ್ಮಗಳ ದಾಖಲಾತಿಯನ್ನೂ ಒಂದೇ ಬೀರುವಿನಲ್ಲಿ ಇಟ್ಟಿರುವ ಸಂಸ್ಥೆ. ನೂರು ದಾಟಿದ ಶಾಲೆಗಳು ನಮ್ಮ ಜಿಲ್ಲೆಯಲ್ಲಿವೆ. ಅಲ್ಲಿ ಮಕ್ಕಳ ಜನ್ಮದಿನಾಂಕ ಸಿಗುತ್ತದೆ, ಆ ವರ್ಷ ಬಿದ್ದ ಮಳೆಯ ಲೆಕ್ಕ ಸಿಗುವುದಿಲ್ಲ. ಈ ಎರಡನೆಯದನ್ನು ಸೇರಿಸುವುದಕ್ಕೆ ಬೇಕಾದದ್ದು ಇನ್ನೊಂದು ರಿಜಿಸ್ಟರು.

ಮಳೆಯನ್ನು ಅಳೆಯುವುದು ಕಷ್ಟದ ವಿದ್ಯೆಯಲ್ಲ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬಿ, ಬಯಲಿನಲ್ಲಿ ಒಂದು ಕಂಬ, ಒಂದು ಅಳತೆಪಟ್ಟಿ. ನಮ್ಮ ದೇಶದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆಯುವುದು ಪದ್ಧತಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಇದು ತಿಳಿದ ಮಗು ತನ್ನ ಶಾಲೆಯ ಚಾವಣಿಯತ್ತ ಬೇರೆ ಕಣ್ಣಿನಿಂದ ನೋಡುತ್ತದೆ. ನೂರು ಚದರ ಮೀಟರ್ ಚಾವಣಿ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದುಕೊಂಡರೂ 70,000 ಲೀಟರ್. ಬೇಸಿಗೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆಯಲು ನೀರಿಲ್ಲವೆನ್ನುವ ಶಾಲೆಯ ಮೇಲೆಯೇ ಇಷ್ಟು ನೀರು ಬಿದ್ದು ಹರಿದುಹೋಗುತ್ತಿರುತ್ತದೆ.

ದಿನಾಂಕದ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಸಿ ಎಂದು ನಾನು ಕೇಳಿಕೊಳ್ಳುತ್ತೇನೆ. ಇದು ಮೂಢನಂಬಿಕೆ ಎಂದು ವಿಜ್ಞಾನದ ಮೇಷ್ಟ್ರು ಮುಖ ಸಿಂಡರಿಸಬಾರದು. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ನಮ್ಮ ರೈತರು ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ ತುಂಡುಗಳಾಗಿ ಹಂಚಿಕೊಂಡಿದ್ದಾರೆ. ಅದು ಒಂದು ಕ್ಯಾಲೆಂಡರು, ಅಷ್ಟೆ. ಮಗು ಮನೆಗೆ ಹೋಗಿ ‘ಅಜ್ಜಿ, ನೀನು ಸಣ್ಣವಳಿದ್ದಾಗ ಭರಣಿ ಮಳೆಗೆ ಏನು ಬಿತ್ತುತ್ತಿದ್ದಿರಿ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ‘ಏಪ್ರಿಲ್ ಕೊನೆಯ ವಾರದ ಸರಾಸರಿ ಮಳೆ ಎಷ್ಟು?’ ಎಂದು ಕೇಳಿದರೆ ಸಿಗುವುದಿಲ್ಲ. ಅಜ್ಜಿಯ ನೆನಪು ಸುಳ್ಳಿರಬಹುದು, ನಿಜವಿರಬಹುದು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಟ್ಟರೆ ಮುಂದಿನವರು ತೂಗಿ ನೋಡುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆಯಲ್ಲ, ಮತ್ತೇಕೆ ಮಕ್ಕಳ ಡಬ್ಬಿ ಎನ್ನುವವರಿದ್ದಾರೆ. ಆ ಯಂತ್ರದ ಅಂಕಿ ಬೆಂಗಳೂರಿಗೆ ಹೋಗುತ್ತದೆ. ಡಬ್ಬಿಯ ಅಂಕಿ ಅದನ್ನು ಅಳೆದ ಮಗುವಿನ ತಲೆಯೊಳಗೆ ಹೋಗುತ್ತದೆ.

ಇದು ಮಕ್ಕಳಾಟವಲ್ಲ ಎಂಬುದಕ್ಕೆ ನೆರೆಮನೆಯ ಉದಾಹರಣೆ ಇದೆ. ಎಚ್.ಡಿ. ಕೋಟೆಯ ಗಡಿ ದಾಟಿದರೆ ವೈನಾಡು. ಅಲ್ಲಿನ ಪನಮರಂ ಮತ್ತು ಮಾನಂತವಾಡಿ ಹೊಳೆಗಳು ಕೂಡಿಯೇ ನಮ್ಮ ಕಬಿನಿಯಾಗುವುದು. ಅಲ್ಲಿ ಮಳೆ ಬಿದ್ದರೆ ಬೀಚನಹಳ್ಳಿಯ ಜಲಾಶಯ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಕೆಳಗಿನ ಊರುಗಳು ಏನಾದವೆಂದು ನಿಮಗೆ ಗೊತ್ತು. ಕಲ್ಪೆಟ್ಟದ ಹ್ಯೂಮ್ ಕೇಂದ್ರ ಎಂಬ ಸಂಸ್ಥೆ ಜಿಲ್ಲೆಯ ತೋಟ, ಮನೆಗಳಲ್ಲಿ ಸುಮಾರು 200 ಮಳೆಮಾಪಕಗಳ ಜಾಲ ಕಟ್ಟಿತ್ತು. ದಿನವೂ ಅಳೆದು ತಿಳಿಸುವವರು ಸಾಮಾನ್ಯ ಜನ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕುಸಿಯುವ ಹಿಂದಿನ ದಿನವೇ, ಪುತ್ತುಮಲದ ಮಾಪಕದ ಅಂಕಿ ನೋಡಿ ಆ ಸಂಸ್ಥೆ ಅಪಾಯದ ಸೂಚನೆ ಕೊಟ್ಟಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ವೆಳ್ಳಾರ್‌ಮಲದ ಶಾಲೆಯ ಮೇಲೆ ಬಂಡೆ, ಮರಗಳು ಬಂದು ಬಿದ್ದವು. (ಆ ಕುಸಿತದ ನೀರು ಚಾಲಿಯಾರ್ ನದಿಯ ಕಡೆಗೆ ಹೋಯಿತು, ಕಬಿನಿಗಲ್ಲ. ಆದರೆ ಮೋಡ ಅದೇ ಮೋಡ.) ಅಳೆದದ್ದು ಇತ್ತು, ಅಳೆದವರ ಮಾತು ನಡೆಯಲಿಲ್ಲ. ಈ ಎರಡನೆಯ ಸಂಗತಿಗೆ ಮತ್ತೆ ಬರುತ್ತೇನೆ.

ಈಗ ನಮ್ಮ ಮನೆಯೊಳಗಿನ ಬೆಂಕಿಯ ಮಾತು. ಇದನ್ನು ಹೇಳದೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹವಾಗುಣದ ಪಾಠ ಮಾಡುವುದು ಆತ್ಮವಂಚನೆ.

ಈ ಸೀಮೆಗೆ ಸೌದೆಯ ಹಸಿವು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಂಪನಿ ಸೈನ್ಯಕ್ಕೆ ಬೇಕಾದ ಬಂಡಿಗಳು, ಚರ್ಮದ ಸಾಮಾನುಗಳು ಹುಣಸೂರಿನಲ್ಲಿ ತಯಾರಾಗುತ್ತಿದ್ದವು. ಮರ ಪಕ್ಕದ ಕಾಡಿನದು. ಇಂದು ಆ ಹಸಿವು ವರ್ಜೀನಿಯಾ ಹೊಗೆಸೊಪ್ಪಿನ ಬ್ಯಾರನ್ನುಗಳದು. ಒಮ್ಮೆ ಬ್ಯಾರನ್ ತುಂಬಿಸಿದರೆ ಐದಾರು ದಿನ ಹಗಲಿರುಳು ಬೆಂಕಿ ಆರಬಾರದು. ಹದವಾದ ಒಂದು ಕಿಲೋ ಸೊಪ್ಪಿಗೆ ಸುಮಾರು ನಾಲ್ಕರಿಂದ ಐದು ಕಿಲೋ ಸೌದೆ ಎಂಬುದು ತಿಳಿದವರ ಅಂದಾಜು. ಒಂದು ಬ್ಯಾರನ್ನಿನಿಂದ ವರ್ಷಕ್ಕೆ ಒಂದೂವರೆ ಸಾವಿರ ಕಿಲೋ ಸೊಪ್ಪು ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳಿ. ಆರರಿಂದ ಏಳೂವರೆ ಟನ್ ಸೌದೆ ಆಯಿತು. ಊರಿನಲ್ಲಿ ನೂರು ಬ್ಯಾರನ್ನುಗಳಿದ್ದರೆ ಎಷ್ಟೆಂದು ಐದನೇ ತರಗತಿಯ ಮಗು ಗುಣಿಸೀತು. ಒಂದು ಕಿಲೋ ಸೌದೆ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಕಡಿದಷ್ಟೇ ಮರ ಮತ್ತೆ ಬೆಳೆದರೆ ಅದು ಆ ಅನಿಲವನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಬೆಳೆಯುತ್ತಿದೆಯೇ ಎಂಬುದೇ ಪ್ರಶ್ನೆ. ಜೂನ್ 5ರ ಗುಂಡಿಗೂ ಜುಲೈ ತಿಂಗಳ ಬ್ಯಾರನ್ನಿಗೂ ಇರುವ ಸಂಬಂಧ ಇದು, ಮತ್ತು ಇದನ್ನು ನಮ್ಮ ಯಾವ ಭಾಷಣವೂ ಮುಟ್ಟುವುದಿಲ್ಲ.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳೊಡನೆ ಈ ಲೆಕ್ಕ ಮಾಡಲು ಕುಳಿತೆ. ನನಗೆ ಬಹಳ ಉತ್ಸಾಹ. ಮಕ್ಕಳು ತಮ್ಮ ಬೀದಿಯ ಬ್ಯಾರನ್ನುಗಳನ್ನು ಎಣಿಸಿಕೊಂಡು ಬಂದರು. ಮೊದಲ ಬೆಂಚಿನ ಹುಡುಗಿ ಎಲ್ಲರಿಗಿಂತ ಅಚ್ಚುಕಟ್ಟಾಗಿ ಪಟ್ಟಿ ಬರೆದಿದ್ದಳು, ಆದರೆ ಒಂದು ಸಾಲು ಖಾಲಿ ಬಿಟ್ಟಿದ್ದಳು. ಇದು ಯಾರದಮ್ಮ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ದೇ ಸಾ. ಬರೀಬ್ಯಾಡಿ. ನಮ್ಮಪ್ಪ ಬೈತಾರೆ’ ಎಂದಳು. ಆಮೇಲೆ ತಲೆ ತಗ್ಗಿಸಿಕೊಂಡೇ, ‘ಆ ದುಡ್ಡಲ್ಲೇ ನನ್ನ ಓದ್ಸ್ತಾ ಇರೋದು’ ಎಂದಳು.

ನಾನು ಆ ದಿನ ಮಾಡಿದ ತಪ್ಪು ಆಗ ತಿಳಿಯಿತು. ಮಗುವನ್ನು ಅವಳ ತಂದೆಯ ವಿರುದ್ಧ ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿದ್ದೆ. ನಗರದ ಶಾಲೆಯಲ್ಲಿ ಹವಾಗುಣದ ಅಪರಾಧಿ ಎಲ್ಲೋ ದೂರದ ಕಾರ್ಖಾನೆ. ಇಲ್ಲಿ ಊಟದ ಪಕ್ಕದ ಎಲೆಯವನು. ರೈತ ತಾನಾಗಿ ಈ ಬೆಳೆಗೆ ಬಿದ್ದವನಲ್ಲ. ಮಂಡಳಿ, ಲೈಸೆನ್ಸ್, ಹರಾಜುಕಟ್ಟೆ ಎಲ್ಲವೂ ಸೇರಿ ಅವನನ್ನು ಅಲ್ಲಿಗೆ ತಂದಿವೆ. ಬೇರೆ ಹಲವು ಬೆಳೆಗಳಿಗೆ ಇಲ್ಲದ ಖರೀದಿಯ ವ್ಯವಸ್ಥೆ ಇದಕ್ಕಿದೆ.

ಮುಂದಿನ ವಾರ ಹೆಸರುಗಳನ್ನೆಲ್ಲ ತೆಗೆದುಹಾಕಿದೆವು. ಬ್ಯಾರನ್ನುಗಳಿಗೆ ಒಂದು, ಎರಡು ಎಂದು ನಂಬರು ಕೊಟ್ಟೆವು. ಪ್ರಶ್ನೆಯನ್ನೂ ಬದಲಿಸಿದೆವು: ‘ಎಷ್ಟು ಸೌದೆ ಸುಡುತ್ತೀರಿ?’ ಎಂಬುದು ಹೋಗಿ, ‘ಸೌದೆಗೆ ಎಷ್ಟು ಖರ್ಚಾಯಿತು? ಬಿಸಿ ಎಲ್ಲಿಂದ ಸೋರುತ್ತದೆ?’ ಎಂಬುದು ಬಂತು. ಆಗ ಅಪ್ಪಂದಿರೇ ಮಾತನಾಡತೊಡಗಿದರು. ಏಕೆಂದರೆ ಸೌದೆಯ ಬೆಲೆ ಅವರ ಎದೆಯ ಮೇಲಿನ ಭಾರ. ಚಾವಣಿಗೆ ಹೊದಿಕೆ, ಬಾಗಿಲ ಸಂದಿಗೆ ಮಣ್ಣು, ಒಲೆಯ ವಿನ್ಯಾಸ, ಕಾಫಿ ಹೊಟ್ಟಿನಂಥ ಬೇರೆ ಉರುವಲು: ಇವುಗಳ ಬಗ್ಗೆ ಹೇಳಬಲ್ಲ ವಿಜ್ಞಾನಿಗಳು ದೂರದಲ್ಲಿಲ್ಲ, ತಂಬಾಕು ಸಂಶೋಧನೆಗೆಂದೇ ಹುಟ್ಟಿದ ಕೇಂದ್ರ ಹುಣಸೂರಿನಲ್ಲೇ ಇದೆ. ಅವರಿಗೆ ಕಾಗದ ಬರೆಯುವವರು ಮಕ್ಕಳಾಗಲಿ, ಕೆಳಗೆ ಸಹಿ ಮತ್ತು ಮೊಹರು ಮುಖ್ಯೋಪಾಧ್ಯಾಯರದಿರಲಿ. ಶಾಲೆಯ ಬೆಂಬಲ ಎಂದು ನಾನು ಹೇಳುವುದು ಬಹುಮಟ್ಟಿಗೆ ಇಂಥ ಸಣ್ಣ ಸಹಿಗಳನ್ನೇ.

ಕೆ.ಆರ್. ನಗರದ ಕಡೆಯವರು ನಮ್ಮಲ್ಲಿ ಬ್ಯಾರನ್ ಕಡಿಮೆ, ನಮ್ಮದು ಬತ್ತದ ಕಣಜ ಎಂದು ನಿಶ್ಚಿಂತರಾಗಬೇಡಿ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಗಾಳಿಯಾಡದ ಕೆಸರಿನಲ್ಲಿ ಮೀಥೇನ್ ಹುಟ್ಟುತ್ತದೆ. ಅದು ಇಂಗಾಲದ ಡೈ ಆಕ್ಸೈಡ್‌ಗಿಂತ ಬಹುಪಾಲು ಬಲವಾಗಿ ಶಾಖ ಹಿಡಿಯುವ ಅನಿಲ. ನಡುನಡುವೆ ನೀರು ಇಳಿಸಿ ಮತ್ತೆ ಕಟ್ಟಿದರೆ ಅನಿಲವೂ ಕಡಿಮೆ, ನೀರೂ ಉಳಿತಾಯ. ಆದರೆ ನಾಲೆಯ ನೀರು ಸರದಿಯಲ್ಲಿ ಬರುವಾಗ ಇಳಿಸುವ ಧೈರ್ಯ ಯಾರಿಗಿದೆ? ಶಾಲೆಯ ಪಕ್ಕದ ಒಂದೇ ಗದ್ದೆಯಲ್ಲಿ, ಒಪ್ಪುವ ಒಬ್ಬ ರೈತನೊಡನೆ, ಒಂದು ಹಂಗಾಮು ಮಕ್ಕಳು ನೀರಿನ ಮಟ್ಟ ಅಳೆದು ಬರೆದರೆ ಸಾಕು.

ಎಚ್.ಡಿ. ಕೋಟೆಯ ವಿಷಯ ಬೇರೆಯೇ ಬಗೆಯದು. ಅಲ್ಲಿನ ಜೇನುಕುರುಬ, ಬೆಟ್ಟಕುರುಬರ ಮಕ್ಕಳ ಮುಂದೆ ನಿಂತು ‘ಮರ ಉಳಿಸಿ’ ಎಂದು ಪಾಠ ಮಾಡುವ ನಮ್ಮ ಧಾರ್ಷ್ಟ್ಯಕ್ಕೆ ಏನೆನ್ನಬೇಕು! ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಜೇನು ಯಾವಾಗ ಇಳಿಯುತ್ತದೆ, ಲಂಟಾನ ಹಬ್ಬಿದ ಮೇಲೆ ಯಾವ ಗೆಡ್ಡೆ ಸಿಗದಾಯಿತು ಎಂಬುದನ್ನು ಆ ಮಕ್ಕಳ ಮನೆಯವರು ಬಲ್ಲರು. ಕೇರಳದ ನೂರಾರು ಶಾಲೆಗಳಲ್ಲಿ ಮಕ್ಕಳು ‘ಸೀಸನ್‌ವಾಚ್’ ಎಂಬ ಯೋಜನೆಗಾಗಿ ಒಂದೊಂದು ಮರವನ್ನು ಆರಿಸಿಕೊಂಡು, ಚಿಗುರು, ಹೂ, ಕಾಯಿಗಳನ್ನು ವಾರವಾರವೂ ಬರೆಯುತ್ತಾರೆ. ಯುಗಾದಿಯ ಆಸುಪಾಸಿನಲ್ಲಿ ಹಳದಿ ಗೊಂಚಲು ಬಿಡುವ ನಮ್ಮ ಕಕ್ಕೆ ಮರವೂ ಆ ಪಟ್ಟಿಯಲ್ಲಿದೆ. ಆಶ್ರಮ ಶಾಲೆಯ ಮಗು ಈ ಕೆಲಸದಲ್ಲಿ ಶಿಷ್ಯನಲ್ಲ, ಗುರು. ಒಂದು ಸಲವಾದರೂ ಆ ಮಗು ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವನಾಗಿ ನಿಲ್ಲಲಿ. ಇದೇ ತಾಲ್ಲೂಕಿನ ಹಾಡಿಗಳಲ್ಲಿ ಕೆಲಸ ಮಾಡುತ್ತ ಬೆಳೆದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಅನ್ನು 1984ರಲ್ಲಿ ಕಟ್ಟಿದವರು ಮೈಸೂರಿನ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಎಂಬುದನ್ನೂ ನೆನೆಯಿರಿ. ವಿದ್ಯಾರ್ಥಿಗಳ ನೇತೃತ್ವ ಎಂಬುದು ಈ ನೆಲಕ್ಕೆ ಸ್ವೀಡನ್ನಿನಿಂದ ಬರಬೇಕಾದದ್ದೇನಲ್ಲ.

ಇನ್ನು ಅಳೆದವರ ಮಾತು ನಡೆಯುವ ಪ್ರಶ್ನೆ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶ ನಮ್ಮ ರಾಜ್ಯದಲ್ಲಿದೆ. ಇದರ ಬೇರು ಹಳೆಯದು. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ದುಡಿಯುವ ಮಕ್ಕಳ ‘ಭೀಮ ಸಂಘ’ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿ, ಊರಿನ ಸಮಸ್ಯೆಗಳನ್ನು ತಾವೇ ಸಮೀಕ್ಷೆ ಮಾಡಿ ಅಧಿಕಾರಿಗಳ ಮುಂದಿಟ್ಟಿತು. ಶಾಲೆ ಬಿಟ್ಟ ಮಕ್ಕಳಿಗೆ ಸಾಧ್ಯವಾದದ್ದು ಅದು! ನಾನು ನೋಡಿದ ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಸಾಮಾನ್ಯವಾಗಿ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಓದುತ್ತಾರೆ: ಕಾಂಪೌಂಡು ಬೇಕು, ಶೌಚಾಲಯ ಬೇಕು. ಬೇಕೇನೋ ಬೇಕು. ಆದರೆ ‘ಮೂರು ವರ್ಷ ಅಳೆದಿದ್ದೇವೆ, ಕೆರೆ ತುಂಬುವಷ್ಟು ಮಳೆ ಬಿದ್ದಿದೆ, ಕೆರೆ ಮಾತ್ರ ತುಂಬಿಲ್ಲ, ಕಾಲುವೆ ಎಲ್ಲಿ ಮುಚ್ಚಿದೆ ಎಂಬ ನಕ್ಷೆ ಇಲ್ಲಿದೆ’ ಎಂದು ಹದಿಮೂರು ವರ್ಷದ ಹುಡುಗಿ ಓದಿದರೆ ಸಭೆಯ ಮುಖಚರ್ಯೆಯೇ ಬದಲಾಗುತ್ತದೆ. ಕಾಲುವೆ ಮುಚ್ಚಿದವನು ಮುಂದಿನ ಕುರ್ಚಿಯಲ್ಲೇ ಕುಳಿತಿರಬಹುದು. ಸಂಜೆ ಅವಳ ಮನೆಗೆ ಯಾರಾದರೂ ಹೋಗಬಹುದು. ಆದ್ದರಿಂದ ನಕ್ಷೆ ಶಾಲೆಯ ಹೆಸರಿನಲ್ಲಿರಬೇಕು, ಓದುವವರು ನಾಲ್ಕು ಜನ ಇರಬೇಕು, ಎಸ್‌ಡಿಎಂಸಿ ಅಧ್ಯಕ್ಷರಿಗೆ ಮೊದಲೇ ತಿಳಿದಿರಬೇಕು. ಪಂಚಾಯಿತಿ ಏನು ಉತ್ತರ ಕೊಟ್ಟಿತೆಂದು ಮುಂದಿನ ವರ್ಷದ ಸಭೆಯಲ್ಲಿ ಮೊದಲ ಸಾಲಾಗಿ ಓದಬೇಕು. ಮಕ್ಕಳಿಗೆ ತಮ್ಮ ಮಾತು ಹೇಳುವ ಹಕ್ಕಿದೆ ಎಂಬ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಹೇಳಿದ ಮೇಲೆ ಆ ಮಗುವಿನ ಬೆನ್ನಿಗೆ ನಿಲ್ಲುವವರು ಯಾರು ಎಂಬುದು ಒಡಂಬಡಿಕೆಯಲ್ಲಿ ಇರುವುದಿಲ್ಲ, ಸ್ಟಾಫ್‌ರೂಮಿನಲ್ಲಿ ಇರುತ್ತದೆ.

ಪಾಠ ಯಾವಾಗ ಮುಗಿಸುವುದು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಯಾರು ಹೊಣೆ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಇದಕ್ಕಾಗಿ ಹೊಸ ಪಿರಿಯಡ್ ಬೇಡ. ಮಳೆಯ ಸರಾಸರಿ ಗಣಿತದಲ್ಲಿದೆ, ಬ್ಯಾರನ್ನಿನ ಶಾಖ ವಿಜ್ಞಾನದಲ್ಲಿದೆ, ಅಜ್ಜಿಯ ಸಂದರ್ಶನ ಕನ್ನಡದಲ್ಲಿದೆ. ನಿಮ್ಮಿಂದ ಬೇಕಾದದ್ದು ‘ಇದರ 答 ನನಗೂ ಗೊತ್ತಿಲ್ಲ, ಅಳೆದು ನೋಡೋಣ’ ಎಂದು ತರಗತಿಯಲ್ಲಿ ಹೇಳುವ ಧೈರ್ಯ.

ಕೊನೆಯಲ್ಲಿ ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ ಹನಗೋಡು ಕಡೆಯ ಶಿಕ್ಷಕಿಯೊಬ್ಬರು ಎದ್ದು, ‘ಸರ್, ಏಪ್ರಿಲ್ ಮೇ ರಜೆಯಲ್ಲಿ ಮಳೆ ಯಾರು ಅಳೆಯಬೇಕು? ಹೊಗೆಸೊಪ್ಪು ನಾಟಿಗೆ ಬೇಕಾದ ಮಳೆ ಬರುವುದೇ ಆಗ. ನಾವು ಯಾರೂ ಊರಲ್ಲಿರುವುದಿಲ್ಲ’ ಎಂದು ಕೇಳಿದರು. ಇಡೀ ಸಭೆಯಲ್ಲಿ ಬಂದ ಅತ್ಯುತ್ತಮ ಪ್ರಶ್ನೆ ಅದು. ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಅವರ ಪಕ್ಕದಲ್ಲಿದ್ದವರೇ ಹೇಳಿದರು: ಶಾಲೆಗೆ ಹತ್ತಿರದ ಮನೆಯ ಇಬ್ಬರು ಮಕ್ಕಳು, ವಾರಕ್ಕೊಬ್ಬರಂತೆ. ಗೇಟಿನ ಬೀಗದ ಕೈ ಬಿಸಿಯೂಟದ ಅಡುಗೆಯಮ್ಮನ ಹತ್ತಿರ.